‘ಬಾಣಂತಿ ಸಾವು’ ಎಂದರೆ ಯಾರ ಸಾವು?

ಬಲ್ಲವರಲ್ಲಿ ಒಂದು ಪದದ ವಿಚಾರಣೆ.

ಹಾಸನದಲ್ಲಿ ಕುಳಿತು ತಾಯಂದಿರ ಆರೋಗ್ಯದ ಅಧ್ಯಯನವೊಂದರ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಂಡದ ಮುಖ್ಯಸ್ಥೆ ಹಿರಿಯ ಎಪಿಡೆಮಿಯಾಲಜಿಸ್ಟ್, ಅಂದರೆ ಜನರಲ್ಲಿ ರೋಗ, ಸಾವುಗಳು ಎಷ್ಟು, ಯಾಕೆ ಎಂದು ಲೆಕ್ಕಹಾಕಿ ಅಧ್ಯಯನ ಮಾಡುವವರು. (ಪತ್ರಿಕೆಗಳು ಇಂಥವರನ್ನು ‘ಸಾಂಕ್ರಾಮಿಕ ರೋಗ ತಜ್ಞೆ’ ಎನ್ನುತ್ತವೆ. ಹೆರಿಗೆಯ ರಕ್ತಸ್ರಾವ ಯಾರಿಂದ ಯಾರಿಗೆ ಅಂಟುತ್ತದೆಯೋ! ಆ ಜಗಳ ಇನ್ನೊಮ್ಮೆ.)

ಬಸುರು, ಹೆರಿಗೆಗಳ ಕಾರಣದಿಂದ ಆಗುವ ಹೆಂಗಸರ ಸಾವಿಗೆ (ಇಂಗ್ಲಿಷಿನ ‘ಮೆಟರ್ನಲ್ ಡೆತ್’) ಸರ್ಕಾರಿ ಕಡತಗಳಲ್ಲಿರುವುದು ‘ತಾಯಿ ಮರಣ’. ನಾನೂ ಅದನ್ನೇ ಬರೆದಿದ್ದೆ. ಆಲೂರು ಕಡೆಯ ಒಂದು ಹಳ್ಳಿಯಲ್ಲಿ ಪರೀಕ್ಷೆಗೆಂದು ‘ನಿಮ್ಮ ಮನೆಯಲ್ಲಿ ತಾಯಿ ಮರಣವಾಗಿದೆಯೇ?’ ಎಂದು ಕೇಳಿದಾಗ ಅಜ್ಜಿಯೊಬ್ಬರು, ‘ನಮ್ಮ ತಾಯಿ ಹೋಗಿ ಮೂವತ್ತು ವರ್ಷವಾಯಿತು ಕಣಮ್ಮ’ ಎಂದರು. ಪದವನ್ನು ಅಲ್ಲೇ ಹೊಡೆದುಹಾಕಿದೆ.

‘ಬಾಣಂತಿ ಸಾವು’ ಎಲ್ಲರಿಗೂ ತಿಳಿಯುತ್ತದೆ. ಆದರೆ ರಕ್ತದೊತ್ತಡ ಏರಿ, ಫಿಟ್ಸ್ ಬಂದು ತೀರಿಕೊಂಡ ಏಳು ತಿಂಗಳ ಬಸುರಿ ಬಾಣಂತಿಯಲ್ಲವಲ್ಲ. ಮನೆಯವರು ‘ಇಲ್ಲ’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಇನ್ನೊಂದು ತುದಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಬಸುರು ಮುಗಿದ 42 ದಿನಕ್ಕೆ ನಿಲ್ಲುತ್ತದೆ. ನಮ್ಮಲ್ಲಿ ಚೊಚ್ಚಲ ಬಾಣಂತನ ಮೂರು ತಿಂಗಳು, ಕೆಲವು ತವರುಗಳಲ್ಲಿ ಐದು. ನಾಲ್ಕನೆಯ ತಿಂಗಳಲ್ಲಿ ಹೋದವಳೂ ಮನೆಯವರ ಬಾಯಲ್ಲಿ ಬಾಣಂತಿಯೇ. ಒಂದು ಕಡೆ ಸೋರಿಕೆ, ಇನ್ನೊಂದು ಕಡೆ ತುಂಬಿ ಚೆಲ್ಲುತ್ತದೆ.

ಇಂಥ ಸಾವುಗಳ ಪ್ರಮಾಣವನ್ನು 1 ಲಕ್ಷ ಸಜೀವ ಜನನಗಳಿಗೆ ಇಷ್ಟು ಎಂದು ಹೇಳುತ್ತಾರೆ. ಜನನ–ಮರಣಗಳ ಅಂದಾಜಿಗೆ ಕೇಂದ್ರ ಸರ್ಕಾರ ನಡೆಸುವ ಮಾದರಿ ನೋಂದಣಿ ವ್ಯವಸ್ಥೆಯ 2018–20ರ ವರದಿಯಲ್ಲಿ ಕರ್ನಾಟಕದ್ದು 69. ಸಾವಿರ ಮಕ್ಕಳು ಹುಟ್ಟುವ ಕಡೆ ಒಂದೇ ಸಾವು ಪದದ ಸಂದಿಯಲ್ಲಿ ಜಾರಿದರೂ ಈ ಪ್ರಮಾಣದಲ್ಲಿ 100 ಮಾಯವಾಗುತ್ತದೆ.

‘ಬಸುರಿ–ಬಾಣಂತಿ’ ಎಂಬ ಜೋಡಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಹಾಗಾಗಿ ‘ಬಸುರು–ಬಾಣಂತನದ ಸಾವು’ ಎಂದು ಬರೆದೆ. ಮುಖ್ಯಸ್ಥೆ ತಕರಾರು ತೆಗೆದರು: ಸಕಲೇಶಪುರದ ತೋಟದಲ್ಲಿ ಬಸುರಿಯೊಬ್ಬಳನ್ನು ಆನೆ ತುಳಿದರೆ ಅದೂ ಇದರಲ್ಲಿ ಸೇರುತ್ತದೆಯೇ? ಸೇರಬಾರದು, ಅಪಘಾತಗಳು ಲೆಕ್ಕಕ್ಕಿಲ್ಲ. ಆದರೆ ಮೊದಲೇ ಇದ್ದ ಹೃದ್ರೋಗ ಬಸುರಿನಿಂದ ಉಲ್ಬಣಿಸಿ ಸತ್ತರೆ ಅದು ಸೇರುತ್ತದೆ. ಆಗ ಹೊಳೆದದ್ದು, ತಪ್ಪು ನನ್ನ ‘ದ’ಕಾರದ್ದು ಎಂದು. ಷಷ್ಠಿ ವಿಭಕ್ತಿ ಎಲ್ಲವನ್ನೂ ನುಂಗಿಕೊಳ್ಳುತ್ತದೆ. ‘ಬಸುರಿನಲ್ಲಿ ಸಾವು’ ಎಂದರೆ ಕಾಲ, ‘ಬಸುರಿನಿಂದ ಸಾವು’ ಎಂದರೆ ಕಾರಣ. ತಜ್ಞರು ಎರಡು ಬೇರೆ ಬೇರೆ ಪಾರಿಭಾಷಿಕ ಪದ ಇಟ್ಟುಕೊಂಡಿರುವ ಕಡೆ ಕನ್ನಡಕ್ಕೆ ಒಂದು ಪ್ರತ್ಯಯ ಸಾಕು. ಕನ್ನಡ ಬಾರದ ಮುಖ್ಯಸ್ಥೆಗೆ ಇದನ್ನು ವಿವರಿಸಿದಾಗ ನನಗಿಂತ ಅವರಿಗೇ ಹೆಚ್ಚು ಖುಷಿಯಾಯಿತು.

ಮನೆಮನೆಯ ಪ್ರಶ್ನೆಯಲ್ಲಿ ಈಗ ಯಾವ ಪದವೂ ಇಲ್ಲ. ‘15ರಿಂದ 49 ವರ್ಷದ ಹೆಂಗಸರು ಯಾರಾದರೂ ತೀರಿಕೊಂಡರೇ?’ ಎಂದು ಮೊದಲು ಕೇಳಿ, ಆಮೇಲೆ ಬಸುರಿಯಾಗಿದ್ದರೇ, ಹೆರಿಗೆಯಾಗಿ ಎಷ್ಟು ದಿನವಾಗಿತ್ತು ಎಂದು ವಿಚಾರಿಸುತ್ತೇವೆ.

ಉಳಿದಿರುವ ತೊಡಕು ಒಂದು. ಎರಡನೆಯ ತಿಂಗಳಲ್ಲೇ ಗರ್ಭಪಾತವಾದವಳು ಬಸುರಿಯೂ ಅಲ್ಲ, ಬಾಣಂತಿಯೂ ಅಲ್ಲ. ಆಕೆಯ 42 ದಿನಗಳೂ ಲೆಕ್ಕಕ್ಕೆ ಬರುತ್ತವೆ. ಆ ದಿನಗಳಿಗೆ, ಆ ಆರೈಕೆಗೆ ಮೂಡಿಗೆರೆ, ಕೊಪ್ಪ, ಅರಕಲಗೂಡಿನ ಹಿರಿಯ ಹೆಂಗಸರ ಬಾಯಲ್ಲಿ ಹೆಸರೇನಾದರೂ ಇದೆಯೇ? ಕೇಳಿದ್ದವರು ಊರಿನ ಹೆಸರಿನ ಸಹಿತ ತಿಳಿಸಬೇಕು.