ಚೈನ್‌ಸಾ ಕೇಸ್ ಒಡೆದಿದೆ, ಅಲ್ಯೂಮಿನಿಯಂ ವೆಲ್ಡಿಂಗ್ ಆಗುತ್ತಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು): ಸರ್, ಚೈನ್‌ಸಾ ಕೈಜಾರಿ ಕಲ್ಲಿನ ಮೇಲೆ ಬಿದ್ದು ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಲೋಹದ ಕವಚ) ಸೀಳಿದೆ. ಪೇಟೆಯ ವೆಲ್ಡರ್ ಅಲ್ಯೂಮಿನಿಯಂ ಅಂದ್ಕೊಂಡು ಗ್ರೈಂಡರ್ ಹಿಡಿದ. ಪುಡಿ ಫಳ್ ಅಂತ ಬೆಳ್ಳಗೆ ಹೊತ್ಕೊಂಡು ಉರೀತು. ಹೆದರಿ ವಾಪಸ್ ಕೊಟ್ಟಿದ್ದಾನೆ. ಇದು ಯಾವ ಲೋಹ?

ಉತ್ತರ (ಬೆಳಗಾವಿ ಫೌಂಡ್ರಿಯಲ್ಲಿ ಲೋಹ ಪರೀಕ್ಷೆ ನೋಡಿಕೊಳ್ಳುವವನು): ಅವರು ಹೆದರಿದ್ದೇ ಒಳ್ಳೇದಾಯ್ತು. ಮೆಗ್ನೀಷಿಯಂ ಮಿಶ್ರಲೋಹ ಇರಬೇಕು. ಎತ್ತಿಕೊಂಡು ಕೆಲಸ ಮಾಡುವ ಯಂತ್ರಗಳ ಕೇಸಿಗೆ ಎಜೆಡ್91 ಅನ್ನೋದನ್ನು ಬಹಳ ಬಳಸ್ತಾರೆ. ನೂರಕ್ಕೆ ಸುಮಾರು 9 ಪಾಲು ಅಲ್ಯೂಮಿನಿಯಂ, 1 ಪಾಲು ಸತು, ಉಳಿದದ್ದು ಮೆಗ್ನೀಷಿಯಂ.

ಖಾತ್ರಿ ಆಗಬೇಕಾ? ಒಡೆದ ಚೂರನ್ನು ತೂಗಿ. ತುಂಬಿದ ಲೋಟದಲ್ಲಿ ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯಿರಿ. ತೂಕವನ್ನು ಆ ನೀರಿನ ಅಳತೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತೆ. 90 ಗ್ರಾಂ ಚೂರಿಗೆ 50 ಮಿ.ಲೀ. ಚೆಲ್ಲಿದರೆ 1.8 ಬಂತು, ಅದು ಮೆಗ್ನೀಷಿಯಂ. ಅಲ್ಯೂಮಿನಿಯಂ ಆದರೆ 2.7ರ ಹತ್ತಿರ ಬರುತ್ತೆ. ಇಷ್ಟೆಲ್ಲ ಬೇಡ ಅಂದ್ರೆ, ಬಣ್ಣ ಕೆರೆದ ಜಾಗಕ್ಕೆ ಒಂದು ಹನಿ ವಿನೆಗರ್ ಬಿಡಿ. ಮೆಗ್ನೀಷಿಯಂ ಕೂಡಲೇ ನೊರೆ ಏಳಿಸುತ್ತೆ, ಅಲ್ಯೂಮಿನಿಯಂ ಸುಮ್ಮನಿರುತ್ತೆ.

ಪುಡಿಗೆ ಬೆಂಕಿ ಹತ್ತಿದರೆ ನೀರು ಮಾತ್ರ ಹಾಕಬೇಡಿ. ಬಿಸಿ ಮೆಗ್ನೀಷಿಯಂ ನೀರಿನಿಂದ ಹೈಡ್ರೋಜನ್ ಬಿಡಿಸುತ್ತೆ, ಉರಿ ಇನ್ನೂ ಜೋರಾಗುತ್ತೆ. ಒಣಗಿದ ಮರಳು ಸುರಿಯಿರಿ. ಮರಳು ಹಸಿ ಇದ್ದರೂ ಅದೇ ಕಥೆ.

ವೆಲ್ಡಿಂಗ್ ಆಗುತ್ತೆ, ಆದರೆ ಆರ್ಗಾನ್ ಅನಿಲ ಹಾಕಿ ಎಸಿ ಕರೆಂಟಿನ ಟಿಗ್‌ನಲ್ಲಿ (ಟಂಗ್‌ಸ್ಟನ್ ಮೊನೆಯಿಂದ ಕಿಡಿ ಕೊಡುವ ವೆಲ್ಡಿಂಗ್), ಮೆಗ್ನೀಷಿಯಂ ಕಡ್ಡಿಯಲ್ಲೇ. ಅಲ್ಯೂಮಿನಿಯಂ ಕಡ್ಡಿ ಹಾಕಿದರೆ ಎರಡೂ ಬೆರೆತು ಗಾಜಿನ ಹಾಗೆ ಬಿರುಸಾದ ಸಂಯುಕ್ತ ಆಗಿ ಮತ್ತೆ ಸೀಳುತ್ತೆ. ಬಿರುಕು ಬೇರಿಂಗ್ ಕೂರುವ ಜಾಗಕ್ಕೆ ಹೋಗಿದ್ದರೆ ದುಡ್ಡು ದಂಡ, ಹೊಸ ಕೇಸ್ ತರಿಸಿ.

ತೋಟದವರು: ವಿನೆಗರ್ ಇರಲಿಲ್ಲ, ಲಿಂಬೆಹಣ್ಣು ಹಿಂಡಿದೆ. ಬುರುಬುರು ನೊರೆ ಬಂತು ಮಾರಾಯ್ರೆ! ಬಿರುಕು ಬೇರಿಂಗ್ ತನಕ ಹೋಗಿದೆ, ಹೊಸದೇ ಗತಿ.

ಉತ್ತರ: ಸರಿ ಹಾಗಾದ್ರೆ. ಹೊಸದಕ್ಕೆ ಉಕ್ಕಿನ ಬೋಲ್ಟ್ ಹಾಕುವಾಗ ಕೆಳಗೆ ಅಲ್ಯೂಮಿನಿಯಂ ವಾಷರ್ ಕೊಟ್ಟು ಗ್ರೀಸ್ ಹಚ್ಚಿ. ಉಕ್ಕು ತಾಗಿ ನೀರೂ ಸೇರಿದರೆ ಸವೆಯೋದು ಮೆಗ್ನೀಷಿಯಂ. ನಿಮ್ಮ ಕಡೆ ಮಳೆ ಕೇಳಬೇಕಾ.

ಇನ್ನೊಬ್ಬರು: ಅಷ್ಟು ಹಗುರ ಅಂದ್ಮೇಲೆ ದೋಟಿಯನ್ನೂ (ಗೊನೆ ಕೊಯ್ಯುವ ಉದ್ದ ಕೋಲು) ಅದರಲ್ಲೇ ಯಾಕೆ ಮಾಡಲ್ಲ ಸರ್? ನನ್ನ ಅಲ್ಯೂಮಿನಿಯಂ ದೋಟಿ ಮೇಲೆ ಹೋದಂತೆ ಹಾವಿನ ಹಾಗೆ ಆಡುತ್ತೆ.

ಉತ್ತರ: ಒಳ್ಳೇ ಪ್ರಶ್ನೆ, ಆದರೆ ನಿಮಗೆ ಲಾಭ ಇಲ್ಲ. ಬಿಗಿತ ನೋಡಿ, ಅಂದ್ರೆ ಲೋಹ ಬಾಗದೆ ಎಷ್ಟು ತಡೆಯುತ್ತೆ ಅನ್ನೋದು: ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 70, ಮೆಗ್ನೀಷಿಯಂಗೆ 45. ಆಯಾ ಸಾಂದ್ರತೆಯಿಂದ ಭಾಗಿಸಿದರೆ ಮೂರೂ 25ರ ಆಸುಪಾಸಿಗೆ ಬಂದು ನಿಲ್ಲುತ್ತವೆ! ಒಂದೇ ಅಳತೆಯ ಕೊಳವೆ ಮಾಡಿದರೆ ತನ್ನ ಭಾರಕ್ಕೆ ಮೂರೂ ಹೆಚ್ಚುಕಮ್ಮಿ ಅಷ್ಟೇ ಬಾಗುತ್ತವೆ. ತುದಿಯಲ್ಲಿ ಗೊನೆ ಎಳೆದಾಗ ಮೆಗ್ನೀಷಿಯಂ ಎಲ್ಲಕ್ಕಿಂತ ಹೆಚ್ಚು ಬಳುಕುತ್ತೆ. ಕೈಗೆ ಹಗುರ ಅನ್ನಿಸುತ್ತೆ, ಅಷ್ಟೇ. ಕಾರ್ಬನ್ ಫೈಬರ್ ದೋಟಿ ಗೆಲ್ಲೋದು ಇಲ್ಲೇ, ಹಗುರವೂ ಹೌದು, ಬಿಗಿಯೂ ಹೌದು. ಆದರೆ ಪ್ಲಾಸ್ಟಿಕ್ ಥರ ಕಂಡರೂ ಅದರಲ್ಲೂ ಕರೆಂಟ್ ಹರಿಯುತ್ತೆ. ತೋಟದ ಮೇಲೆ ತಂತಿ ಹಾದಿದ್ದರೆ ಯಾವ ದೋಟಿಯನ್ನೂ ಅದರ ಹತ್ತಿರ ಎತ್ತಬೇಡಿ.