ಸ್ಟೂಡೆಂಟ್ಸ್ ಕಾಪಿ ಮಾಡಿದಾರೆ ಅಂತ ಡೌಟು, ರಿಪೋರ್ಟ್ ಮಾಡ್ಲಾ ಇಲ್ಲ ಕರೆದು ಮಾತಾಡ್ಲಾ?

ಹೊಸ_ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ಯೂನಿವರ್ಸಿಟಿಲಿ ಪಾಠ ಮಾಡೋಕೆ ಸೇರಿ ಜಾಸ್ತಿ ದಿನ ಆಗಿಲ್ಲ. ಪ್ರೋಗ್ರಾಮಿಂಗ್ ಅಸೈನ್‌ಮೆಂಟ್ ನೋಡ್ತಾ ಇದ್ದೆ, ಇಬ್ರು ಸ್ಟೂಡೆಂಟ್ಸ್ ಕೋಡ್ ಒಂದೇ ಥರ ಇದೆ. ವೇರಿಯಬಲ್ ಹೆಸರೆಲ್ಲ ಬೇರೆ, ಆದ್ರೆ ಲೂಪು ಕೊನೇ ಎಲಿಮೆಂಟ್ ಬಿಟ್ಟು ನಿಲ್ಲೋ ತಪ್ಪು ಇಬ್ರದ್ರಲ್ಲೂ ಇದೆ, ಎಲ್ಲೂ ಬಳಸದೇ ಇರೋ ಒಂದು ಅರೇ ಇಬ್ರೂ ಡಿಕ್ಲೇರ್ ಮಾಡಿದಾರೆ, ಕಾಮೆಂಟಲ್ಲಿರೋ ಸ್ಪೆಲಿಂಗ್ ಮಿಸ್ಟೇಕ್ ಕೂಡ ಸೇಮು. ಇನ್ನೊಬ್ಬನ ರಿಪೋರ್ಟು ಎಐ ಹತ್ರ ಬರೆಸಿದ ಹಾಗಿದೆ, ಎಐ ಬರೆದಿದ್ದನ್ನ ಪತ್ತೆ ಮಾಡೋ ಡಿಟೆಕ್ಟರ್‌ಗೆ ಹಾಕಿದ್ರೆ ಜಾಸ್ತಿ ಪರ್ಸೆಂಟ್ ತೋರಿಸ್ತು. ಸೀನಿಯರ್ ಒಬ್ರು ಮೂರೂ ಜನಕ್ಕೆ ಝೀರೋ ಹಾಕಿ ಮುಗಿಸಿ, ಕಮಿಟಿ ಗಿಮಿಟಿ ಯಾಕೆ ಅಂತಾರೆ. ರಿಪೋರ್ಟ್ ಮಾಡಿದ್ರೆ ಹುಡುಗರ ಭವಿಷ್ಯ ಹಾಳಾಗುತ್ತೇನೋ ಅಂತ ಭಯ, ಬಿಟ್ರೆ ಕಷ್ಟಪಟ್ಟು ಬರೆದವರಿಗೆ ಮೋಸ. ಏನ್ ಮಾಡ್ಲಿ?

ಹಳೇ_ಫೈಲು:
ಸರ್, ದಯವಿಟ್ಟು ಆ ಝೀರೋ ಐಡಿಯಾ ಬಿಡಿ. ವಿಚಾರಣೆ ಕಮಿಟಿಲಿ ಕೂತಿದ್ದವನಾಗಿ ಹೇಳ್ತೀನಿ, ಸುಮ್ನೆ ಝೀರೋ ಹಾಕಿದ್ರೆ ತಪ್ಪು ಮಾಡದೇ ಇರೋನಿಗೆ ತನ್ನ ಮಾತು ಹೇಳೋಕೆ ಜಾಗನೇ ಇರಲ್ಲ, ನಿಜವಾಗ್ಲೂ ಮಾಡಿದವನದ್ದು ಎಲ್ಲೂ ದಾಖಲಾಗಲ್ಲ, ಮುಂದಿನ ಸೆಮಿಸ್ಟರಲ್ಲಿ ಇನ್ನೊಬ್ರು ಮೇಷ್ಟ್ರ ಹತ್ರ ಮತ್ತೆ ಅದೇ ಮಾಡ್ತಾನೆ. ರಿಪೋರ್ಟ್ ಅಂದ್ರೆ ತೀರ್ಪಲ್ಲ, ನನಗೆ ಇದು ಕಾಣಿಸ್ತು ನೀವು ನೋಡಿ ಅಂತ ಹೇಳೋದು ಅಷ್ಟೇ.

ಬರೆಯುವಾಗ "ಕಾಪಿ ಹೊಡೆದಿದ್ದಾರೆ" ಅಂತ ಬರೀಬೇಡಿ. ನಮಗೆ ಇಲ್ಲಿ ನೀವು ಹೇಳಿದ್ರಲ್ಲ ಆ ಲೂಪು, ಅರೇ, ಸ್ಪೆಲಿಂಗು, ಅದನ್ನ ಲೈನ್ ನಂಬರ್ ಹಾಕಿ ಪಕ್ಕ ಪಕ್ಕ ಇಟ್ಟು ತೋರಿಸಿ, ಸಬ್ಮಿಟ್ ಮಾಡಿದ ಟೈಮು, ಅಸೈನ್‌ಮೆಂಟ್ ಕೊಟ್ಟಾಗ ನೀವು ಹೇಳಿದ್ದ ರೂಲ್ಸು (ಗ್ರೂಪಲ್ಲಿ ಮಾಡಬಹುದು ಅಂದಿದ್ರಾ ಇಲ್ವಾ ಅನ್ನೋದು ಬಹಳ ಮುಖ್ಯ) ಸೇರಿಸಿ. ಒರಿಜಿನಲ್ ಫೈಲ್ ಈಗ್ಲೇ ಒಂದ್ಕಡೆ ಸೇವ್ ಮಾಡಿಟ್ಕೊಳ್ಳಿ. ಕರೆದು ಮಾತಾಡಬಹುದಾ ಅನ್ನೋದು ನಿಮ್ಮಲ್ಲಿನ ನಿಯಮದ ಮೇಲೆ ಹೋಗುತ್ತೆ, ಅದನ್ನ ಮೊದಲು ಓದಿ. ಕ್ಲಾಸಲ್ಲಿ ಎಲ್ಲರ ಮುಂದೆ ಮಾತ್ರ ಎತ್ತಬೇಡಿ.

ಕೋಡ್_ಕನ್ನಡಿ:
ಎಐ ಕೇಸನ್ನ ಇದರ ಜೊತೆ ಸೇರಿಸ್ಬೇಡಿ ಸರ್, ಅದು ಬೇರೆನೇ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತಾನೇ ಮಾಡಿದ್ದ ಡಿಟೆಕ್ಟರನ್ನ ನಿಖರತೆ ಸಾಲಲ್ಲ ಅಂತ 2023ರ ಜುಲೈನಲ್ಲಿ ವಾಪಸ್ ತಗೊಳ್ತು. ಅವರದ್ದೇ ಟೆಸ್ಟಲ್ಲಿ ಎಐ ಬರೆದಿದ್ರಲ್ಲಿ 26 ಪರ್ಸೆಂಟ್ ಮಾತ್ರ ಹಿಡಿದಿತ್ತು, ಮನುಷ್ಯರು ಬರೆದಿದ್ರಲ್ಲಿ 9 ಪರ್ಸೆಂಟನ್ನ ಎಐ ಅಂದಿತ್ತು. ಇಂಗ್ಲಿಷ್ ಮನೆಮಾತಲ್ಲದವರು ಬರೆದಿದ್ದನ್ನ ಡಿಟೆಕ್ಟರ್‌ಗಳು ಜಾಸ್ತಿ ತಪ್ಪಾಗಿ ಹಿಡಿಯುತ್ತವೆ ಅಂತಾನೂ ಅದೇ ವರ್ಷ ಸಂಶೋಧನೆ ಬಂತು. ಬರೀ ಪರ್ಸೆಂಟ್ ಇಟ್ಕೊಂಡು ಒಬ್ಬ ಹುಡುಗನ ಮೇಲೆ ಆರೋಪ ಹೊರಿಸೋದು ಅನ್ಯಾಯ. ಬದಲಿಗೆ ಅವನು ಕೊಟ್ಟಿರೋ ರೆಫರೆನ್ಸ್ ಒಂದೊಂದೇ ಹುಡುಕಿ, ಇಲ್ಲದೇ ಇರೋ ಪೇಪರ್ ಹೆಸರು ಸಿಕ್ರೆ ಅದು ಗಟ್ಟಿ ಸಾಕ್ಷಿ. ಗೂಗಲ್ ಡಾಕ್ಸಲ್ಲಿ ಬರೆದಿದ್ರೆ ವರ್ಶನ್ ಹಿಸ್ಟರಿ (ಯಾವಾಗ ಏನು ಬರೆದ, ಬದಲಾಯಿಸಿದ ಅನ್ನೋ ದಾಖಲೆ) ಕೇಳಬಹುದು.

ಕೋಡಿಗೆ ಸ್ಟ್ಯಾನ್‌ಫರ್ಡ್‌ನ ಮಾಸ್ (MOSS) ಅನ್ನೋ ಕೋಡ್ ಹೋಲಿಸೋ ಟೂಲ್ ಇದೆ, 1994ರಿಂದ ಇರೋದು, ವೇರಿಯಬಲ್ ಹೆಸರು ಬದಲಾಯಿಸಿದ್ರೂ ಹಿಡಿಯುತ್ತೆ. ನೀವೇ ಕೊಟ್ಟಿದ್ದ ಸ್ಟಾರ್ಟರ್ ಕೋಡನ್ನ ಹೊರಗಿಡೋದು ಮರೀಬೇಡಿ, ಇಲ್ಲಾಂದ್ರೆ ಕ್ಲಾಸೆಲ್ಲಾ ಕಾಪಿ ಥರ ಕಾಣುತ್ತೆ. ಅದು ಹೋಲಿಕೆ ತೋರಿಸುತ್ತೆ ಅಷ್ಟೇ, ಕೊನೆಗೆ ಕಣ್ಣಿಟ್ಟು ನೋಡ್ಬೇಕಾದವರು ನಾವೇ.

ಫೈನಲ್_ಇಯರ್:
ನಾನು ಸ್ಟೂಡೆಂಟು, ಒಂದು ಮಾತು ಹೇಳ್ಲೇಬೇಕು. ಇಬ್ರದ್ದು ಸೇಮ್ ಇದೆ ಅಂದ್ರೆ ಇಬ್ರೂ ಸೇರಿ ಮಾಡಿದ್ದು ಅಂತ ಅಲ್ಲ ಸರ್. ಲ್ಯಾಬ್ ಕಂಪ್ಯೂಟರಿಂದ ನನ್ನ ಫೈಲನ್ನ ನನಗೆ ಗೊತ್ತಿಲ್ದೇ ಒಬ್ಬ ಎತ್ಕೊಂಡು ಹೆಸರು ಬದಲಾಯಿಸಿ ಕೊಟ್ಟಿದ್ದ, ನನಗೂ ನೋಟಿಸ್ ಬಂತು, ಮನೇಲಿ ಹೇಳೋಕಾಗದೆ ಒದ್ದಾಡಿದೀನಿ. ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆ ದಾಖಲಿಸೋ ಟೂಲ್) ದಿನಾ ಕೋಡ್ ಸೇವ್ ಮಾಡಿದ್ದೆ, ವಿಚಾರಣೇಲಿ ಬೇರೆ ಬೇರೆ ಕೂರಿಸಿ ಈ ಲೈನ್ ಯಾಕೆ ಬರೆದೆ ಅಂತ ಕೇಳಿದ್ರು, ನಾನು ಹೇಳ್ದೆ, ಅವನಿಗೆ ಆಗ್ಲಿಲ್ಲ. ಕಮಿಟಿ ಇದ್ದಿದ್ದಕ್ಕೇ ನಾನು ಉಳ್ಕೊಂಡೆ. ಆ ದಿನ ಮೇಷ್ಟ್ರು ಝೀರೋ ಹಾಕಿ ಸುಮ್ನಾಗಿದ್ರೆ ಯಾರಿಗೆ ಹೇಳ್ತಿದ್ದೆ?

ಹೊಸ_ಮೇಷ್ಟ್ರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಕೋಡ್ ಕೇಸ್ ರಿಪೋರ್ಟ್ ಮಾಡ್ತೀನಿ. ಎಐ ಡೌಟ್ ಇರೋ ಹುಡುಗನ ರೆಫರೆನ್ಸ್ ಎಲ್ಲಾ ಹುಡುಕಿದೆ, ಪೇಪರ್‌ಗಳು ಇವೆ, ಅವನು ಹೇಳಿರೋ ವಿಷಯಾನೂ ಅದರಲ್ಲಿದೆ, ಹಾಗಾಗಿ ಅದನ್ನ ಎಲ್ಲರ ಥರಾನೇ ವ್ಯಾಲ್ಯುಯೇಶನ್ ಮಾಡ್ತೀನಿ. ಆ ಇಬ್ರ ಮಾರ್ಕ್ಸ್ ಅಲ್ಲಿವರೆಗೂ ಏನ್ ಮಾಡ್ಲಿ?

ಹಳೇ_ಫೈಲು:
ತಡೆಹಿಡಿದಿದೆ ಅಂತ ಹಾಕಿ ಸರ್, ಮಿಕ್ಕವರ ಮಾರ್ಕ್ಸ್ ಪ್ರಕಟಿಸಿ. ಪಾಠದಲ್ಲಿ ಆ ಇಬ್ರನ್ನ ಮೊದಲು ಹೇಗೆ ಮಾತಾಡಿಸ್ತಿದ್ರೋ ಹಾಗೇ ಮಾತಾಡಿಸಿ.