‘ಉಮುಥಿ’ ಎಂದರೆ ಮದ್ದು, ಸರಿ. ‘ಸಂಗೋಮ’ರನ್ನು ಏನೆಂದು ಕರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ದಕ್ಷಿಣ ಆಫ್ರಿಕದ ಜುಲು ಜನರಲ್ಲಿ ಕಣಿ ನೋಡಿ ಮದ್ದು ಕೊಡುವ ‘ಸಂಗೋಮ’ರಿಗೆ ಮೂರು ವಾರದಿಂದ ಒಂದು ಕನ್ನಡ ಪದಕ್ಕಾಗಿ ತಡಕಾಡುತ್ತಿದ್ದೇನೆ. ನಿಘಂಟುಗಳು ಕೈಕೊಟ್ಟಿವೆ. ಹಾಗಾಗಿ ನಿಮ್ಮ ಬಾಗಿಲು ತಟ್ಟುತ್ತಿದ್ದೇನೆ. ವಿಷಯ ಸ್ವಲ್ಪ ಉದ್ದವಿದೆ, ತಾಳ್ಮೆ ಇರಲಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಸ್ನಾತಕೋತ್ತರ ಸಂಶೋಧನೆ ಮಾಡುತ್ತಿದ್ದಾಳೆ. ಜುಲು ಜನರು ಕೆಮ್ಮು, ನೆಗಡಿಗೆ ಬಳಸುವ ‘ಇಸಿಭಾಹ’ ಎಂಬ ಮರದ ತೊಗಟೆ ಅವಳ ವಿಷಯ. ಸುಲಿದೂ ಸುಲಿದೂ ಆ ಮರವೇ ಅಪರೂಪವಾಗಿದೆ. ತೊಗಟೆಯ ಬದಲು ಎಲೆ ನಡೆಯುತ್ತದೆಯೇ, ನಡೆದರೂ ಕೊಡುವವರು ಮತ್ತು ಕುಡಿಯುವವರು ಅದನ್ನು ಒಪ್ಪುತ್ತಾರೆಯೇ ಎಂಬುದು ಅವಳ ಪ್ರಶ್ನೆ. ಇದನ್ನೇ ಕನ್ನಡದ ಮಾಸಿಕವೊಂದಕ್ಕೆ ಲೇಖನವಾಗಿ ಬರೆದು, ತಿದ್ದಿಕೊಡಿ ಎಂದು ನನಗೆ ಕಳುಹಿಸಿದಳು. ಮೊದಲ ಪುಟದಲ್ಲೇ ‘ಮಾಟಗಾರರು ನೀಡುವ ಔಷಧಿ’ ಎಂದಿತ್ತು. ಫೋನ್ ಮಾಡಿದೆ. “ಸರ್, ಇಂಗ್ಲಿಷಿನಲ್ಲಿ ವಿಚ್ ಡಾಕ್ಟರ್ ಎನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಇನ್ನೇನು ಹೇಳುವುದು?” ಎಂದು ನನ್ನನ್ನೇ ಕೇಳಿದಳು. ಆ ಪ್ರಶ್ನೆ ನನ್ನ ತಲೆಯ ಮೇಲೆ ಕುಳಿತದ್ದು ಹೀಗೆ.

ಮೊದಲು ಸುಲಭದ ಪದ. ಇಂಗ್ಲಿಷ್ ಪತ್ರಿಕೆಗಳು ‘ಮುತಿ’ ಎಂದು ಬರೆಯುವ ಪದ ಜುಲುವಿನಲ್ಲಿ ‘ಉಮುಥಿ’, ಬಹುವಚನ ‘ಇಮಿಥಿ’. ಅಲ್ಲಿರುವುದು ಮಹಾಪ್ರಾಣ, ಆದ್ದರಿಂದ ನಮ್ಮ ‘ಥ’ ಹೇಳಿ ಮಾಡಿಸಿದಂತಿದೆ. ಇಂಗ್ಲಿಷಿನ ದಾರಿಯಲ್ಲಿ ಬಂದು ಅದನ್ನು ‘ತಿ’ ಮಾಡುವುದು ಬೇಡ. ಈ ಪದಕ್ಕೆ ಮರ ಎಂಬ ಅರ್ಥವೂ ಇದೆ, ಔಷಧ ಎಂಬ ಅರ್ಥವೂ ಇದೆ. ಸ್ವಾಹಿಲಿಯಲ್ಲಿ ಮರಕ್ಕೆ ‘ಮ್‌ತಿ’ ಎನ್ನುವುದೂ ಇದೇ ಬುಡದ ಪದ. ಸಾಲದ್ದಕ್ಕೆ, ಕಾಯಿಲೆ ವಾಸಿ ಮಾಡುವುದೂ ಉಮುಥಿ, ಪರೀಕ್ಷೆಯಲ್ಲಿ ಪಾಸಾಗಲು ಕೈಗೆ ಕಟ್ಟಿಕೊಳ್ಳುವುದೂ ಉಮುಥಿ, ಆಗದವರ ಅನ್ನಕ್ಕೆ ಬೆರೆಸುವುದೂ ಉಮುಥಿಯೇ.

‘ಔಷಧಿ’ ಎಂದು ಬರೆದರೆ ಈ ಮೂರರಲ್ಲಿ ಎರಡು ಸೋರಿಹೋಗುತ್ತವೆ. ‘ಮದ್ದು’ ಎಂದರೆ ಮೂರೂ ಉಳಿಯುತ್ತವೆ. ಮನೆಮದ್ದು ಇದೆ. ‘ಯಾರೋ ಮದ್ದು ಹಾಕಿದ್ದಾರೆ’ ಎಂದು ನನ್ನ ಅಜ್ಜಿ ದನಿ ತಗ್ಗಿಸಿ ಹೇಳುತ್ತಿದ್ದ ಮದ್ದೂ ಇದೆ. ಅದನ್ನು ಕೈಮದ್ದು ಎನ್ನುವವರೂ ಉಂಟು. ಕೋವಿಯ ಮದ್ದಂತೂ ನಮ್ಮದೇ ಹೆಚ್ಚುವರಿ ಸಂಪಾದನೆ. ಇನ್ನೂ ಮುಂದೆ ಹೋದರೆ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು ಪಾಯಸ ಮಾಡಿ ಉಣ್ಣುವ ಗಿಡದ ಹೆಸರೇ ಮದ್ದು ಸೊಪ್ಪು. ಗಿಡ ಮತ್ತು ಮದ್ದು ಒಂದೇ ಹೆಸರಿನಲ್ಲಿ ನಿಂತಿವೆ, ಉಮುಥಿಯ ಹಾಗೆ. ನಮ್ಮ ಕಡೆ ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡುತ್ತಾರಲ್ಲ, ಅದನ್ನು ಕುಡಿದು ಮುಖ ಕಿವಿಚಿದ ಯಾವ ಮಗುವಿಗೂ ಮರವೇ ಮದ್ದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

(ಇಲ್ಲೊಂದು ಎಚ್ಚರಿಕೆ. ಹಳಗನ್ನಡದ ‘ಮರ್ದು’, ತುಳುವಿನ ‘ಮರ್ದ್’, ತಮಿಳಿನ ‘ಮರುಂದು’ ಇವುಗಳನ್ನು ಕಂಡು ಮರಕ್ಕೂ ಮದ್ದಿಗೂ ಬುಡದಲ್ಲೇ ನಂಟು ಹಾಕಲು ಕೈ ತುರಿಸುತ್ತದೆ. ನನಗೂ ತುರಿಸಿತು. ದ್ರಾವಿಡ ವ್ಯುತ್ಪತ್ತಿ ಕೋಶ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಅಲ್ಲಿಗೇ ನಿಲ್ಲಿಸೋಣ.)

ಸ್ವಾಹಿಲಿಯ ಮಾತು ಬಂತಾದ್ದರಿಂದ ಇನ್ನೊಂದು. ಕೀನ್ಯ, ಟಾಂಜಾನಿಯಾಗಳಲ್ಲಿ ಔಷಧಕ್ಕೆ ‘ದಾವ’ ಎನ್ನುತ್ತಾರೆ. ಅರಬ್ಬಿಯಿಂದ ಬಂದ ಪದ. ಅದೇ ಅರಬ್ಬಿ ಪದ ಪಾರಸಿಯ ‘ಖಾನಾ’ ಕಟ್ಟಿಕೊಂಡು ನಮ್ಮಲ್ಲಿ ದವಾಖಾನೆಯಾಗಿದೆ. ಹುಬ್ಬಳ್ಳಿಯವರಿಗೂ ಮೊಂಬಾಸಾದವರಿಗೂ ನಡುವೆ ಇಷ್ಟಾದರೂ ನೆಂಟಸ್ತಿಕೆ ಇದೆ. ಸ್ವಾಹಿಲಿಯಲ್ಲಿ ಹಲ್ಲುಜ್ಜುವ ಪೇಸ್ಟ್ ‘ಹಲ್ಲಿನ ದಾವ’, ಬೂಟಿನ ಪಾಲಿಶ್ ‘ಬೂಟಿನ ದಾವ’. ನಗಬೇಡಿ, ಅಡಿಕೆ ಮರಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವುದನ್ನು ನಾವು ‘ಮದ್ದು ಬಿಡುವುದು’ ಎನ್ನುತ್ತೇವೆ.

ಈಗ ತೊಡಕಿನ ಪದ. ಜುಲುವಿನಲ್ಲಿ ಚಿಕಿತ್ಸೆ ಮಾಡುವವರಿಗೆ ಮುಖ್ಯವಾಗಿ ಎರಡು ಹೆಸರುಗಳು. ಬೇರು, ತೊಗಟೆ, ಸೊಪ್ಪುಗಳನ್ನು ಬಲ್ಲವರು ‘ಇಞಂಗ’. (ನಿವೃತ್ತಿಯಲ್ಲಿದ್ದ ನಮ್ಮ ‘ಞ’ಕಾರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.) ಇವರನ್ನು ನಾಟಿ ವೈದ್ಯ ಎನ್ನಲು ನನಗೆ ಅಡ್ಡಿಯಿಲ್ಲ, ಹಳಬರಾದರೆ ‘ಪಂಡಿತರು’ ಎನ್ನುತ್ತಿದ್ದರು. ಎರಡನೆಯವರು ‘ಇಸಂಗೋಮ’, ಪತ್ರಿಕೆಗಳ ಸಂಗೋಮ. ಇವರಲ್ಲಿ ಹೆಂಗಸರೇ ಹೆಚ್ಚು. ಈ ವೃತ್ತಿಯನ್ನು ಅವರಾಗಿ ಆರಿಸಿಕೊಳ್ಳುವುದಿಲ್ಲ. ಗತಿಸಿದ ಹಿರಿಯರು, ಅಂದರೆ ‘ಅಮದ್ಲೋಝಿ’ಗಳು, ಕರೆಯುತ್ತಾರೆ. ಕರೆ ಬರುವುದು ಕಾಯಿಲೆಯಾಗಿ, ಕನಸಾಗಿ. ಆಮೇಲೆ ಹಿರಿಯ ಸಂಗೋಮರೊಬ್ಬರ ಮನೆಯಲ್ಲಿದ್ದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಲಿಯಬೇಕು. ಆ ಕಲಿಕೆಗೆ ‘ಉಕುಥ್ವಾಸ’ ಎಂದು ಹೆಸರು. ಅಮಾವಾಸ್ಯೆ ಕಳೆದು ಚಂದ್ರ ಹೊಸದಾಗಿ ಮೂಡುವುದಕ್ಕೂ ಅದೇ ಪದ. ಕಲಿತು ಹೊರಬಂದವರು ಮೂಳೆಗಳನ್ನು ಚಾಪೆಯ ಮೇಲೆ ಎಸೆದು, ಬಿದ್ದ ಬಗೆಯನ್ನು ಓದಿ, ಕಾಯಿಲೆ ಯಾಕೆ ಬಂತು ಎಂದು ಹೇಳುತ್ತಾರೆ. ಏನು ಬಂದಿದೆ ಎಂಬುದಕ್ಕಿಂತ ಯಾಕೆ ಬಂತು ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆ.

ಮಾಟಗಾರನಿಗೆ ಜುಲುವಿನಲ್ಲಿ ಬೇರೆಯೇ ಪದವಿದೆ: ‘ಉಮ್‌ಥಕಾಥಿ’. ಸಂಗೋಮ ಇರುವುದೇ ಅವನ ಕೆಲಸವನ್ನು ಮುರಿಯುವುದಕ್ಕೆ. ನನ್ನ ವಿದ್ಯಾರ್ಥಿನಿ ಪೊಲೀಸನನ್ನು ಕಳ್ಳ ಎಂದು ಬರೆದಂತಾಗಿತ್ತು. ತಪ್ಪು ಅವಳದಲ್ಲ, ‘ವಿಚ್ ಡಾಕ್ಟರ್’ ಎಂಬ ಪದದ್ದು. ಮಾಟಕ್ಕೆ ಸಿಕ್ಕವರನ್ನು ನೋಡುವ ಡಾಕ್ಟರು ಎಂದು ಹೊರಟ ಪದ ಡಾಕ್ಟರೇ ಮಾಟಗಾರ ಎಂಬಲ್ಲಿಗೆ ಬಂದು ನಿಂತಿದೆ. ನಮ್ಮ ಹಳ್ಳಿಯ ಕನ್ನಡ ಇಲ್ಲಿ ಹೆಚ್ಚು ಜಾಣ: ‘ಮಾಟ ಮಾಡುವವನು’ ಬೇರೆ, ‘ಮಾಟ ತೆಗೆಯುವವನು’ ಬೇರೆ.

ಈ ಎರಡು ಹೆಸರುಗಳ ನಡುವೆ ಗೆರೆ ಎಳೆದವರಲ್ಲಿ ಸರ್ಕಾರವೂ ಸೇರಿದೆ. ಡರ್ಬನ್ ಸೇರಿದ್ದ ಬ್ರಿಟಿಷರ ನಟಾಲ್ ವಸಾಹತಿನ 1891ರ ‘ದೇಶೀಯರ ಸಂಹಿತೆ’ ಎಂಬ ಕಾನೂನು ಇಞಂಗಗಳಿಗೆ ಪರವಾನಗಿ ಕೊಟ್ಟಿತು, ಸಂಗೋಮರನ್ನು ನಿಷೇಧಿಸಿತು. ಬೇರು ಮಾರುವವನು ಕಾನೂನಿನ ಒಳಗೆ, ಮೂಳೆ ಎಸೆಯುವವಳು ಹೊರಗೆ. ವಾಸ್ತವದಲ್ಲಿ ಒಬ್ಬರೇ ಎರಡನ್ನೂ ಮಾಡುವುದುಂಟು. ಇಂಥ ಚಿಕಿತ್ಸಕರ ಕುರಿತ ದಕ್ಷಿಣ ಆಫ್ರಿಕದ ಈಗಿನ ಕಾಯ್ದೆ 2004ರಲ್ಲಿ ಒಮ್ಮೆ ಬಂದು, ಜನರ ಅಭಿಪ್ರಾಯ ಸರಿಯಾಗಿ ಕೇಳಲಿಲ್ಲ ಎಂಬ ಕಾರಣಕ್ಕೆ 2006ರಲ್ಲಿ ಸಂವಿಧಾನ ನ್ಯಾಯಾಲಯದಲ್ಲಿ ಬಿದ್ದುಹೋಗಿ, 2007ರಲ್ಲಿ ಮತ್ತೆ ಬಂತು. ಅದು ನಾಲ್ಕು ಬಗೆಯವರನ್ನು ಗುರುತಿಸುತ್ತದೆ. ಅದರಲ್ಲಿ ಹೆರಿಗೆ ಮಾಡಿಸುವವರಿಗೆ ನಾನು ಕ್ಷಣವೂ ಯೋಚಿಸದೆ ‘ಸೂಲಗಿತ್ತಿ’ ಎಂದು ಹಾಕಿದೆ. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ನರಸಮ್ಮನವರ ಹೆಸರಿನ ಹಿಂದೆಯೇ ಆ ಪದ ಅಂಟಿಕೊಂಡಿತ್ತು. ಇದಕ್ಕಿಂತ ಗೌರವದ ಪದ ಬೇಕೇ? ಮೂಲಿಕೆಯವರು, ಸುನ್ನತಿ ಮಾಡುವವರು, ಇವೂ ಹೇಗೋ ಆದವು. ಉಳಿದದ್ದು ಕಾಯ್ದೆಯ ‘ಡಿವೈನರ್’, ಅಂದರೆ ಮತ್ತೆ ಸಂಗೋಮ.

‘ಕಣಿ ಹೇಳುವವರು’ ಎಂದು ಬರೆದು ನೋಡಿದೆ. ಕೊರವಂಜಿ ಕಣ್ಣಮುಂದೆ ಬರುತ್ತಾಳೆ, ಆದರೆ ಮದ್ದು ಬಿಟ್ಟುಹೋಗುತ್ತದೆ. ‘ಪಾತ್ರಿ’ ಎಂದರೆ ಮೈಮೇಲೆ ಬರುವುದು ಸಿಗುತ್ತದೆ, ಆದರೆ ಆ ಪದ ದೈವ, ದೇವಸ್ಥಾನಗಳಿಗೆ ಅಂಟಿದೆ. ‘ಕವಡೆ ನೋಡುವವರು’ ಮೂಳೆ ಎಸೆತಕ್ಕೆ ಬಹಳ ಹತ್ತಿರ. ಆದರೆ ಅವರು ಪಂಚಾಂಗದವರು, ಕಷಾಯದವರಲ್ಲ. ಗೆಳೆಯರೊಬ್ಬರು ‘ಕಣಿವೈದ್ಯೆ’ ಎಂದು ಹೊಸದಾಗಿ ಟಂಕಿಸಿಕೊಟ್ಟರು. ಕೇಳಲು ಕಿವಿಗೆ ಕೆಟ್ಟದಾಗಿಲ್ಲ. ಆದರೆ ಓದುಗರು ಅದನ್ನು ಕಣಿವೆ ಎಂದು ಓದಿಯಾರು ಎಂಬ ಹೆದರಿಕೆ ನನಗೆ. ಸದ್ಯಕ್ಕೆ ‘ಸಂಗೋಮ’ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ‘ಕಣಿ ನೋಡಿ ಮದ್ದು ಕೊಡುವವರು’ ಎಂದು ಬಿಡಿಸಿದ್ದೇನೆ.

ಇನ್ನು ‘ಸಾಂಪ್ರದಾಯಿಕ’. ಅವಳ ಲೇಖನದಲ್ಲಿ ಈ ಪದ ನಲವತ್ತು ಸಲ ಇತ್ತು. ನನಗೆ ಆ ಪದ ಮಡಿ ಉಟ್ಟುಕೊಂಡಂತೆ ಕಾಣುತ್ತದೆ. ‘ಪಾರಂಪರಿಕ’ ಹೆಚ್ಚು ಸರಿ, ಯಾಕೆಂದರೆ ಆ ಕಾಯ್ದೆಯೇ ತಾನು ಹೇಳುವ ಜ್ಞಾನ ‘ಪೂರ್ವಜರಿಂದ ಪೀಳಿಗೆಗೆ’ ಬಂದದ್ದು ಎನ್ನುತ್ತದೆ. ಬರಹದಲ್ಲಿ ಇರಲಿ ಇಲ್ಲದಿರಲಿ, ವಿಜ್ಞಾನ ಅದನ್ನು ಸಮರ್ಥಿಸಲಿ ಬಿಡಲಿ ಎಂದೂ ಸೇರಿಸುತ್ತದೆ. (ಒಂದು ದೇಶದ ಕಾಯ್ದೆ ಇಷ್ಟು ನೇರವಾಗಿ ಬರೆದದ್ದನ್ನು ನೋಡಿ ನಾನು ಎರಡು ಸಲ ಓದಿದೆ.) ಆದರೆ ಪಾರಂಪರಿಕ ಎಂದ ಕೂಡಲೇ ಕನ್ನಡಿಗರ ಕಿವಿಗೆ ‘ವಂಶಪಾರಂಪರ್ಯ’ ಕೇಳಿಸುತ್ತದೆ, ಅಪ್ಪನಿಂದ ಮಗನಿಗೆ ಎಂದು. ಸಂಗೋಮರಿಗೆ ಹಾಗಿಲ್ಲ. ಹಿರಿಯರ ಕರೆ ಮನೆಯ ಯಾರಿಗೆ ಬೇಕಾದರೂ ಬರಬಹುದು, ಬಾರದೆಯೂ ಇರಬಹುದು.

ಅಲ್ಲದೆ, ಈ ವಿಶೇಷಣ ಯಾರಿಗೆ ಅಂಟುತ್ತದೆ, ಯಾವಾಗ ಕಳಚುತ್ತದೆ ಎಂಬುದೇ ಒಂದು ಕಥೆ. ದಕ್ಷಿಣ ಆಫ್ರಿಕ ಮತ್ತು ಲೆಸೊಥೊಗಳಲ್ಲಿ ಬೆಳೆಯುವ ಜೆರೇನಿಯಂ ಜಾತಿಯ ಒಂದು ಗಿಡದ ಬೇರಿನಿಂದ ಅಲ್ಲಿನವರು ಎದೆಯ ಕಾಯಿಲೆಗೆ ಮದ್ದು ಮಾಡುತ್ತಿದ್ದರು. 1897ರಲ್ಲಿ ಕ್ಷಯ ಹಿಡಿದು ಅಲ್ಲಿಗೆ ಹೋದ ಚಾರ್ಲ್ಸ್ ಸ್ಟೀವನ್ಸ್ ಎಂಬ ಇಂಗ್ಲೆಂಡಿನ ಯುವಕ ಅದನ್ನು ಕುಡಿದು ಗುಣವಾದೆ ಎಂದು ಊರಿಗೆ ಮರಳಿ ಮಾರತೊಡಗಿದ. ಇಂದು ಅದು ಜರ್ಮನಿಯಲ್ಲಿ ‘ಉಮ್ಕಲೊಆಬೊ’ ಎಂಬ ಹೆಸರಿನ ಸಿರಪ್ಪು. ಕೆಮ್ಮು ಜ್ವರಕ್ಕೆ ‘ಉಮ್‌ಖುಹ್ಲಾನೆ’, ಎದೆ ಚುಚ್ಚುವ ನೋವಿಗೆ ‘ಉಹ್ಲಾಬೊ’ ಎಂಬ ಜುಲು ಪದಗಳು ಕಲಸಿಹೋಗಿ ಈ ಹೆಸರಾಯಿತು ಎನ್ನುತ್ತಾರೆ. ಈ ಬೇರಿಗೆ ಸಂಬಂಧಿಸಿದ ಪೇಟೆಂಟೊಂದನ್ನು 2010ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ರದ್ದು ಮಾಡಿತು. ಆಕ್ಷೇಪಿಸಿದವರಲ್ಲಿ ದಕ್ಷಿಣ ಆಫ್ರಿಕದ ಆಲಿಸ್ ಊರಿನ ಸಮುದಾಯವೂ ಇತ್ತು. ಬೇರು ಅದೇ. ಬುಟ್ಟಿಯಲ್ಲಿದ್ದಾಗ ಸಾಂಪ್ರದಾಯಿಕ, ಬಾಟಲಿಗೆ ಇಳಿದಾಗ ಬರಿಯ ಔಷಧ.

‘ಸಾಂಪ್ರದಾಯಿಕ’ದ ಎದುರುಪಕ್ಷವನ್ನು ಏನೆನ್ನುವುದು? ಅವಳು ‘ಆಧುನಿಕ ಔಷಧ ಪದ್ಧತಿ’ ಎಂದಿದ್ದಾಳೆ. ಡರ್ಬನ್ನಿನ ವಾರ್ವಿಕ್ ಜಂಕ್ಷನ್ನಿನಲ್ಲಿ, ಅರ್ಧಕ್ಕೆ ನಿಂತ ಮೇಲ್ಸೇತುವೆಯ ಮೇಲೆ ನಡೆಯುವ ಮೂಲಿಕೆ ಸಂತೆಯಲ್ಲಿ ಜನ ಆಧುನಿಕ ಎನ್ನುವುದಿಲ್ಲವಂತೆ. ಆಸ್ಪತ್ರೆಯ ಮಾತ್ರೆಗೆ ಅವರು ‘ಬಿಳಿಯರ ಉಮುಥಿ’ ಎನ್ನುತ್ತಾರೆ. ಕೇಳಿದ ಕೂಡಲೇ ನಗು ಬಂತು. ನಮ್ಮಲ್ಲಿ ‘ಇಂಗ್ಲಿಷ್ ಮದ್ದು’ ಎನ್ನುವುದಿಲ್ಲವೇ? ಲೇಖನದ ತುಂಬ ಹಾಗೆ ಬರೆಯಲಾಗದು, ನಿಜ. ಆದರೆ ಸಂತೆಯವರ ಮಾತನ್ನು ಉದ್ಧರಿಸುವಲ್ಲಿ ನಾನು ‘ಇಂಗ್ಲಿಷ್ ಮದ್ದು’ ಎಂದೇ ತಿದ್ದಿದ್ದೇನೆ. ಅವಳು ಅದನ್ನು ಮತ್ತೆ ‘ಅಲೋಪಥಿ’ ಮಾಡಿ ಕಳುಹಿಸಿದ್ದಾಳೆ. ಜಗಳ ನಡೆದಿದೆ.

ಕೊನೆಯ ತೊಡಕು ಅವಳ ಲೇಖನದ ಶೀರ್ಷಿಕೆಯಲ್ಲೇ ಇದೆ: ಎರಡೂ ಪದ್ಧತಿಗಳ ‘ಏಕೀಕರಣ’. ನನಗಂತೂ ಏಕೀಕರಣ ಎಂದರೆ 1956. ಹರಿದು ಹಂಚಿಹೋಗಿದ್ದ ಒಂದೇ ಮನೆಯವರು ಮತ್ತೆ ಒಂದಾದದ್ದು. ಇಲ್ಲಿ ಹಾಗಿದೆಯೇ? ಅವಳ ಅನುಭವ ಬೇರೆ. ಕ್ಷಯದ ಕೆಮ್ಮು ಕಂಡರೆ ಸಂಗೋಮರು ರೋಗಿಯನ್ನು ಕ್ಲಿನಿಕ್ಕಿಗೆ ಕಳುಹಿಸುತ್ತಾರೆ. ಕ್ಲಿನಿಕ್ಕಿನವರು ಯಾರನ್ನೂ ಸಂಗೋಮರ ಬಳಿಗೆ ಕಳುಹಿಸಿದ್ದನ್ನು ಅವಳು ಕಂಡಿಲ್ಲ. “ಹೋಗುವ ದಾರಿ ಇದೆ ಸರ್, ಬರುವ ದಾರಿ ಇಲ್ಲ” ಎಂದಳು. ಇದಕ್ಕೆ ಏಕೀಕರಣವೂ ಸಲ್ಲದು, ಸಮನ್ವಯವೂ ಸಲ್ಲದು. ‘ಸೇರ್ಪಡೆ’ ಎಂದರೆ ಯಾರು ಯಾರಿಗೆ ಸೇರಿದರು ಎಂಬುದಾದರೂ ತಿಳಿಯುತ್ತದೆ ಎಂದು ಹಾಕಿದ್ದೇನೆ.

ಆದ್ದರಿಂದ ಬಳಗದವರಲ್ಲಿ ಕೇಳುವುದು ಇಷ್ಟು. ಕಣಿಯನ್ನೂ ನೋಡಿ, ಬೇರು ತೇದು ಕುಡಿಸಿಯೂ ಕಳುಹಿಸುವವರು ನಿಮ್ಮ ಊರಿನಲ್ಲಿ ಇದ್ದರೇ? ಅವರನ್ನು ಜನ ಯಾವ ಹೆಸರಿನಿಂದ ಕರೆಯುತ್ತಿದ್ದರು? ಸೋಲಿಗರು, ಜೇನುಕುರುಬರು, ಹಾಲಕ್ಕಿ ಒಕ್ಕಲಿಗರ ನಡುವೆ ಕೆಲಸ ಮಾಡಿದವರು ನಮ್ಮಲ್ಲಿದ್ದೀರಿ; ನಿಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಒಂದು ಪದ ಮಲಗಿರಬಹುದು ಎಂಬ ಆಸೆ ನನ್ನದು. ‘ಮದ್ದು ಹಾಕು’, ‘ಮದ್ದಿಕ್ಕು’ ಎಂಬ ಬಳಕೆಗಳು ಬಯಲುಸೀಮೆಯಲ್ಲಿಯೂ ಇವೆಯೇ, ಅಲ್ಲಿ ಬೇರೆ ಮಾತಿದೆಯೇ ಎಂಬುದನ್ನೂ ತಿಳಿಸಿ. ಲೇಖನ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನಗಳಿವೆ. ‘ಕಣಿವೈದ್ಯೆ’ ಪರವಾಗಿ ಯಾರಾದರೂ ವಾದಿಸುವುದಾದರೆ ಅದನ್ನೂ ಕೇಳಲು ಸಿದ್ಧನಿದ್ದೇನೆ.